ದೇವರ ಪಟದ ಹಿಂದಿನ ಅರ್ಜಿ

ಸ್ವಲ್ಪ ತಾಳಿ. ಓದಲು ಶುರು ಮಾಡಿದವರು ಅರ್ಧಕ್ಕೇ ಎದ್ದು ಹೋಗಬೇಡಿ, ಯಾಕೆಂದರೆ ನಾನು ಮಾಡಿದ ಕಳ್ಳತನ ಇದರಲ್ಲಿ ಸ್ವಲ್ಪ ತಡವಾಗಿ ಬರುತ್ತದೆ. ಅದಕ್ಕೆ ಮೊದಲು ನಾನು ಎಷ್ಟು ಒಳ್ಳೆಯವಳು ಎಂದು ಒಂದಿಷ್ಟು ಹೇಳಿಕೊಳ್ಳಬೇಕು. ಇಲ್ಲದಿದ್ದರೆ ನನ್ನ ಪರವಾಗಿ ಮಾತಾಡುವವರು ಯಾರೂ ಇರುವುದಿಲ್ಲ. ಅಕ್ಕನಂತೂ ಮಾತಾಡುವುದಿಲ್ಲ.

ನಾವು ಆಗ ಚೆನ್ನೈಗೆ ಬಂದು ಹನ್ನೆರಡು ವರ್ಷವಾಗಿತ್ತು. ನುಂಗಂಬಾಕ್ಕಂನ ಒಂದು ಹಳೆಯ ಬೀದಿಯಲ್ಲಿ ಮಹಡಿ ಮೇಲಿನ ಮನೆ. ಅಪ್ಪನದು ಟೂರಿನ ಕೆಲಸ, ತಿಂಗಳಿಗೆ ಇಪ್ಪತ್ತು ದಿನ ಸೇಲಂ, ಈರೋಡ್ ಅಂತ ಸುತ್ತುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ಅಮ್ಮ, ಅಕ್ಕ, ನಾನು ಮತ್ತು ನನ್ನ ಕಂಪ್ಯೂಟರ್. ಅದು ಬಿಡಿಭಾಗ ಕೂಡಿಸಿ ಮಾಡಿದ ಹಳೆಯ ಕಂಪ್ಯೂಟರ್. ಅದಕ್ಕೆ ತಗುಲಿಸಿದ ಪ್ರಿಂಟರ್ ಒಂದು ಪುಟ ಮುದ್ರಿಸುವಷ್ಟರಲ್ಲಿ ಕೆಳಗಿನ ಮನೆಯ ತಮಿಳು ಅಜ್ಜಿ, ನಮ್ಮೆಲ್ಲರ ಪಾಟಿ, ಎರಡು ಸಲ ಮೇಲೆ ನೋಡಿ ಬೈಯುತ್ತಿದ್ದರು. ಯಾವ ಕ್ಲಾಸಿಗೂ ಹೋಗದೆ, ಒಂದು ಫ್ಲಾಪಿಯಲ್ಲಿ ಸಿಕ್ಕ ಕನ್ನಡ ಅಕ್ಷರಗಳ ತಂತ್ರಾಂಶವನ್ನು ನಾನೇ ಗುದ್ದಾಡಿ ಕಲಿತಿದ್ದೆ. ಇಡೀ ನುಂಗಂಬಾಕ್ಕಂನಲ್ಲಿ ಕನ್ನಡದಲ್ಲಿ ಟೈಪ್ ಮಾಡುವವಳು ನಾನೊಬ್ಬಳೇ ಎಂದು ನನಗೆ ಖಾತ್ರಿಯಿತ್ತು. ಯಾರೂ ಎಣಿಸಿ ನೋಡಿರಲಿಲ್ಲ.

ನನಗೆ ಇನ್ನೊಂದು ಹುಚ್ಚಿತ್ತು. ನನ್ನ ಓರಗೆಯವರು ಕ್ರಿಕೆಟ್ ಆಟಗಾರರ ಚಿತ್ರ ಕತ್ತರಿಸಿ ಇಟ್ಟುಕೊಳ್ಳುವ ವಯಸ್ಸಿನಲ್ಲಿ ನಾನು ವಿಶ್ವವಿದ್ಯಾಲಯಗಳ ನೇಮಕಾತಿ ಜಾಹೀರಾತು ಕತ್ತರಿಸಿ ಇಡುತ್ತಿದ್ದೆ. ನನಗಾಗಿ ಅಲ್ಲ. ನಾನು ಪ್ಲಸ್ ಟೂ ಮುಗಿಸಿ ಅಂಚೆ ಮೂಲಕ ಬಿ.ಕಾಂ. ಓದುತ್ತಿದ್ದವಳು, ನನ್ನನ್ನು ಯಾರು ಕರೆಯುತ್ತಾರೆ? ಆದರೆ ಆ ಜಾಹೀರಾತುಗಳನ್ನು ಓದುವ ಖುಷಿಯೇ ಬೇರೆ. ಮೇಲ್ಗಡೆ ಪ್ರಾಧ್ಯಾಪಕರು, ಕೆಳಗೆ ರೀಡರ್, ಅದರ ಕೆಳಗೆ ಉಪನ್ಯಾಸಕರು, ಇನ್ನೂ ಇಳಿದರೆ ಪ್ರಯೋಗಾಲಯದ ಸಹಾಯಕರು, ಬೆರಳಚ್ಚುಗಾರರು, ಅತಿಥಿಗೃಹದ ಅಡುಗೆಯವರು, ಕೊನೆಗೆ ತೋಟದ ಮಾಲಿ. ಒಂದು ಊರೇ ಒಂದು ಪುಟದಲ್ಲಿ ಖಾಲಿ ಬಿದ್ದಿದೆ, ಜನ ಹೋಗಿ ತುಂಬಿಕೊಳ್ಳುವುದೊಂದೇ ಬಾಕಿ ಎನಿಸುತ್ತಿತ್ತು. ಬ್ಯಾಕ್‌ಲಾಗ್ ಹುದ್ದೆ ಎಂದರೇನು, ಅರ್ಜಿ ಕುಲಪತಿಗಳಿಗೆ ಬರೆಯಬೇಕೋ ಕುಲಸಚಿವರಿಗೋ, ಅನುಭವದ ಪ್ರಮಾಣಪತ್ರ ಎಷ್ಟು ಪ್ರತಿ, ಎಲ್ಲವೂ ನನಗೆ ಬಾಯಿಪಾಠ. ವಿಶ್ವವಿದ್ಯಾಲಯದ ಗೇಟು ಮಾತ್ರ ನೋಡಿರಲಿಲ್ಲ.

ಹಾಗಿರುವಾಗ ಕರ್ನಾಟಕದ ಒಂದು ವಿಶ್ವವಿದ್ಯಾಲಯ ಜಾಹೀರಾತು ಕೊಟ್ಟಿತು. ದೊಡ್ಡದಲ್ಲ, ಘಟ್ಟದ ಮೇಲಿನ ಒಂದು ಜಿಲ್ಲೆಯದು. ಅದರ ಹದಿನಾಲ್ಕನೆಯ ಸಾಲಿನಲ್ಲಿ ಸಹಾಯಕ ಗ್ರಂಥಪಾಲಕರು, ಹುದ್ದೆ ಒಂದು.

ಅಕ್ಕನಿಗೆ ಹೇಳಿ ಮಾಡಿಸಿದ ಹುದ್ದೆ. ಅವಳು ಗ್ರಂಥಾಲಯ ವಿಜ್ಞಾನ ಓದಿ, ನಗರದ ಒಂದು ಖಾಸಗಿ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದಳು. ಆ ಲೈಬ್ರರಿ ಎಂದರೆ ಎರಡು ಗಾಜಿನ ಬೀರು. ಬೀಗದ ಕೈ ಪ್ರಿನ್ಸಿಪಾಲರ ಬಳಿ. ವರ್ಷಕ್ಕೊಮ್ಮೆ ತಪಾಸಣೆಗೆ ಜನ ಬಂದಾಗ ಬೀರು ತೆರೆದು ತೋರಿಸಿ ಮತ್ತೆ ಮುಚ್ಚುತ್ತಿದ್ದರು. ಉಳಿದ ದಿನಗಳಲ್ಲಿ ಅಕ್ಕ ಹುಡುಗರ ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡಿಕೊಂಡು ಕೂರುತ್ತಿದ್ದಳು. ಸಾಲದ್ದಕ್ಕೆ ಅವಳ ವಯಸ್ಸು. ಆ ವರ್ಷದ ದೀಪಾವಳಿ ಕಳೆದರೆ ಹುದ್ದೆಯ ವಯೋಮಿತಿ ದಾಟಿಬಿಡುತ್ತಿತ್ತು. ನಗರದ ಇನ್ನೊಂದು ತುದಿಯ ಪೆರುಂಗುಡಿಯ ಒಂದು ಕಚೇರಿಯಿಂದ ಬೇರೆ ಕರೆ ಬಂದಿತ್ತು, ಅಮೆರಿಕದ ಡಾಕ್ಟರುಗಳು ಗೊಣಗಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವ ಕೆಲಸ. ಸಂಬಳ ಚೆನ್ನಾಗಿತ್ತು. ಅಮ್ಮನ ಒಲವು ಅಲ್ಲಿಗೇ.

"ಇದೊಂದು ಹಾಕ್ತೀನಮ್ಮ," ಅಂದಳು ಅಕ್ಕ. "ಇದು ಆಗ್ಲಿಲ್ಲ ಅಂದ್ರೆ ಪೆರುಂಗುಡಿಗೇ ಹೋಗ್ತೀನಿ. ಲೈಬ್ರರಿ ಮಾತು ಮತ್ತೆ ಎತ್ತಲ್ಲ. ಶರಿಯಾ?"

"ಶರಿ," ಅಂದರು ಅಮ್ಮ. ನಮ್ಮ ಮನೆಯಲ್ಲಿ ಮುಖ್ಯವಾದ ಒಪ್ಪಂದಗಳೆಲ್ಲ ತಮಿಳಿನಲ್ಲೇ ಮುಗಿಯುತ್ತಿದ್ದವು.

ಇಲ್ಲಿಯವರೆಗೆ ನಾನು ಒಳ್ಳೆಯವಳೇ. ಮುಂದೆ ಮಾಡಿದ್ದು ಹೆಚ್ಚುವರಿ ಒಳ್ಳೆಯತನ. ಜಾಹೀರಾತನ್ನು ಚೆಂದವಾಗಿ ಕನ್ನಡದಲ್ಲಿ ಟೈಪ್ ಮಾಡಿ, ದಪ್ಪ ಅಕ್ಷರದ ತಲೆಬರಹ ಕೊಟ್ಟು, ಸುತ್ತ ಒಂದು ಬಳ್ಳಿಯ ಅಂಚು ಹಾಕಿ ಮುದ್ರಿಸಿದೆ. ಮುದ್ರಿಸಿದ ಮೇಲೆ ಯಾರಿಗಾದರೂ ತೋರಿಸದಿದ್ದರೆ ಜೀವ ನಿಲ್ಲುತ್ತದೆಯೇ? ನಮ್ಮ ಬೀದಿ ತುದಿಯಲ್ಲಿ ಕರಾವಳಿಯವರ ಸಸ್ಯಾಹಾರಿ ಹೋಟೆಲ್ ಇತ್ತು. ಅಲ್ಲಿ ಗಲ್ಲಾದ ಪಕ್ಕದಲ್ಲಿ ಒಂದು ಹಲಗೆ. ಇವತ್ತಿನ ವಿಶೇಷ ಗುಳ್ಳ ಬದನೆಯ ಹುಳಿ ಎಂದು ಬರೆದ ಚೀಟಿಯ ಪಕ್ಕದಲ್ಲಿ, ಬಾಡಿಗೆಗೆ ಮನೆ ಬೇಕು, ಪುರೋಹಿತರು ಊರಲ್ಲಿಲ್ಲ, ಇಂಥವೆಲ್ಲ ಅಂಟಿಕೊಂಡಿರುತ್ತಿದ್ದವು. ನನ್ನ ಬಳ್ಳಿಯಂಚಿನ ಹಾಳೆಯನ್ನು ನಾನೇ ಹೋಗಿ ಚುಚ್ಚಿ ಬಂದೆ.

ಚೆನ್ನೈಯ ಕನ್ನಡಿಗರನ್ನು ನೀವು ನೋಡಿಲ್ಲ. ಕನ್ನಡದಲ್ಲಿ ಅಚ್ಚಾದ ಯಾವುದೇ ಕಾಗದ ಸಿಕ್ಕಿದರೂ, ಅದು ಬೆಲ್ಲ ಕಟ್ಟಿ ಬಂದ ಪತ್ರಿಕೆಯ ಚೂರೇ ಆಗಿರಲಿ, ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಹರಿಯುವತನಕ ಓದುತ್ತಾರೆ. ಮೂರನೆಯ ದಿನಕ್ಕೆ ಮನೆಗೆ ಜನ ಬರತೊಡಗಿದರು. ಭೌತಶಾಸ್ತ್ರದ ಉಪನ್ಯಾಸಕನಾಗಬೇಕೆಂದಿದ್ದ ಒಬ್ಬ ಹಾಸನದವನು, ಬೆರಳಚ್ಚಿನ ಹುದ್ದೆಗೆ ಒಬ್ಬಳು ಮೈಸೂರಿನವಳು. ಅರ್ಜಿ ಕನ್ನಡದಲ್ಲೇ ಇರಬೇಕಿತ್ತು, ಟೈಪ್ ಮಾಡುವವಳು ನಾನೇ. ನಾನು ಬೀಗಿದೆ. ಬಂದವರಿಗೆಲ್ಲ ಅಕ್ಕ ಕಾಫಿ ಕೊಟ್ಟಳು. ಯಾರದೂ ಅವಳ ಹುದ್ದೆಯಲ್ಲ, ಹಾಗಾಗಿ ಕಾಫಿಯೂ ಗಟ್ಟಿಯಾಗಿತ್ತು.

ನಾಲ್ಕನೆಯ ದಿನ ಹೋಟೆಲಿನ ಕ್ಯಾಶಿಯರೇ ಬಂದರು.

ಮೂವತ್ತರ ಆಸುಪಾಸಿನ ಮನುಷ್ಯ, ಕುಂದಾಪುರದ ಕಡೆಯವರು, ನಾವು ಅಣ್ಣ ಎಂದೇ ಕರೆಯುವುದು. ಗಲ್ಲಾದ ಹಿಂದೆ ಅವರೊಂದು ಕಪಾಟು ಇಟ್ಟಿದ್ದರು, ಕೈತೊಳೆಯುವ ಜಾಗಕ್ಕೆ ಹೋಗುವ ದಾರಿಯಲ್ಲಿ. ಅದರಲ್ಲಿ ಒಂದೈವತ್ತು ಕನ್ನಡ ಪುಸ್ತಕ. ಊಟಕ್ಕೆ ಬಂದವರು ಒಯ್ಯಬಹುದು, ಓದಿ ತಂದಿಡಬೇಕು. ನಾನೂ ಒಯ್ಯುತ್ತಿದ್ದೆ. ಆ ಕಪಾಟು ಅವರ ಶೋಕಿ ಎಂದಷ್ಟೇ ಅಂದುಕೊಂಡಿದ್ದೆ. ಈಗ ನೋಡಿದರೆ ಕೈಯಲ್ಲಿ ಪ್ರಮಾಣಪತ್ರಗಳ ಕಟ್ಟು.

"ಯಾವ ಹುದ್ದೆಗಣ್ಣಾ?" ಎಂದು ಕೇಳಿದೆ.

"ಹದಿನಾಲ್ಕನೇದು. ಸಹಾಯಕ ಗ್ರಂಥಪಾಲಕ." ಸ್ವಲ್ಪ ನಾಚಿದರು. "ಗಲ್ಲಾದಲ್ಲಿ ಕೂತೇ ಅಂಚೆಯಲ್ಲಿ ಓದಿದ್ದು ಮಾರಾಯ್ರೆ. ಫಸ್ಟ್ ಕ್ಲಾಸ್ ಉಂಟು."

ಅಡುಗೆಮನೆಯಲ್ಲಿ ಲೋಟದ ಸದ್ದು ನಿಂತಿತು. ಆಮೇಲೆ ಅಕ್ಕ ಹೊರಗೆ ಬಂದು ಅವರಿಗೂ ಕಾಫಿ ಕೊಟ್ಟಳು. ನಾನು ಕದ್ದು ರುಚಿ ನೋಡಿದೆ, ಗಟ್ಟಿಯಾಗಿಯೇ ಇತ್ತು. ಅಕ್ಕನ ಮೇಲೆ ಸಿಟ್ಟು ಬಂತು.

ಅವರು ಹೋದ ಮೇಲೆ ಅಮ್ಮ ನನ್ನ ಕಡೆ ತಿರುಗಿದರು. "ಮನೇಲಿ ಒಬ್ಬಳು ಅರ್ಜಿ ಹಾಕ್ತಿದಾಳೆ ಅಂದ್ರೆ ಬಾಯ್ಮುಚ್ಕೊಂಡಿರ್ಬೇಕು ಅಂತ ಗೊತ್ತಾಗಲ್ವಾ ನಿನಗೆ? ಹೋಟ್ಲಲ್ಲಿ ಬೋರ್ಡ್ ಹಾಕ್ತಾಳಂತೆ ಬೋರ್ಡು!"

"ಬಾರ್ಡರ್ ಚೆನ್ನಾಗಿ ಬಂದಿತ್ತಮ್ಮ..."

"ಬಾರ್ಡರಂತೆ. ಅದನ್ನ ನಿನ್ನ ಸೀರೆಗೆ ಹಾಕ್ಸ್ಕೋ."

ಎಲ್ಲರ ಅರ್ಜಿಗಳನ್ನೂ ರಿಜಿಸ್ಟರ್ ಮಾಡಿ ಬರುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ, ಯಾಕೆಂದರೆ ಅಂಚೆ ಕಚೇರಿಯಲ್ಲಿ ನಾಲ್ಕು ಲಕೋಟೆ ಒಟ್ಟಿಗೆ ಕೊಡುವುದು ಒಂದು ಗತ್ತು. ಕಳಿಸುವ ದಿನ ಅಮ್ಮ ಅಕ್ಕನ ಲಕೋಟೆಯನ್ನು ಮಾತ್ರ ಬದಿಗೆ ತೆಗೆದರು. "ಇದು ಒಂದಿನ ದೇವ್ರ ಮುಂದಿರ್ಲಿ. ಆಮೇಲೆ ಅಪ್ಪ ಹಾಕ್ತಾರೆ." ಸರಿ. ಉಳಿದದ್ದು ಮೂರು. ಹಾಸನದವನದು, ಮೈಸೂರಿನವಳದು, ಕ್ಯಾಶಿಯರದು. ಚಪ್ಪಲಿ ಮೆಟ್ಟುವಾಗ ನನ್ನ ತಲೆಯೊಳಗೆ ಯಾರೋ ಮೆತ್ತಗೆ ಮಾತಾಡಿದರು. ಬೇರೆಯವರಲ್ಲ, ನಾನೇ. ಎರಡೇ ಒಯ್ಯಿ. ಮೂರನೆಯದು ನಾಲ್ಕು ದಿನ ತಡವಾದರೆ ಆಕಾಶ ಬೀಳುತ್ತದೆಯೇ? ಅಂಚೆ ಇಲಾಖೆ ಎಂದರೆ ತಡ ಎಂದು ಎಲ್ಲರಿಗೂ ಗೊತ್ತು.

ನಾನು ವಾಪಸು ಒಳಗೆ ಹೋಗಿ, ಕ್ಯಾಶಿಯರ ಲಕೋಟೆಯನ್ನು ದೇವರ ಗೂಡಿನಲ್ಲಿ ದೊಡ್ಡ ಪಟದ ಹಿಂದೆ ತುರುಕಿದೆ. ಮನೆಯಲ್ಲಿ ಯಾರೂ ಅಲ್ಲಾಡಿಸದ ಜಾಗ ಅದೊಂದೇ ಎಂದು ನನ್ನ ಲೆಕ್ಕ. ಪಟದ ದೇವರು ನನ್ನನ್ನೇ ನೋಡುತ್ತಿದ್ದ. ನಾನು ಅತ್ತ ನೋಡಲಿಲ್ಲ.

ಇದೇ ನಾನು ಹೇಳಿದ ಕಳ್ಳತನ. ಈಗ ನೀವು ಎದ್ದು ಹೋಗಬಹುದು, ಆದರೆ ಮುಂದಿನದು ಇನ್ನೂ ಕೆಟ್ಟದ್ದು.

ಹೋಟೆಲಿಗೆ ಹೋಗುವುದನ್ನೇ ಬಿಟ್ಟೆ. ಹೋದರೆ ಅವರು ರಿಜಿಸ್ಟರ್ ಚೀಟಿ ಕೇಳುತ್ತಾರಲ್ಲ. ಒಂದು ದಿನ ದಾರಿಯಲ್ಲೇ ಸಿಕ್ಕಿ ಕೇಳಿಯೂಬಿಟ್ಟರು. "ಎಲ್ಲರ ಚೀಟಿ ಒಟ್ಟಿಗೇ ಫೈಲ್ ಮಾಡಿದೀನಣ್ಣಾ," ಅಂದೆ. ಅವರು ತಲೆದೂಗಿದರು. "ಎಂಥಾ ಶಿಸ್ತು! ನೀವು ವಿಶ್ವವಿದ್ಯಾಲಯದಲ್ಲಿ ಇರ್ಬೇಕಿತ್ತು ತಂಗಿ." ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಾರನೆಯ ದಿನ ಸೇರಿತು.

ಕೊನೆಯ ದಿನಾಂಕ ಒಂದು ಗುರುವಾರ. ಸಂಜೆ ಐದರೊಳಗೆ ಅರ್ಜಿ ಕುಲಸಚಿವರ ಕಚೇರಿ ಸೇರಿರಬೇಕು. ಅದರ ಹಿಂದಿನ ಬೆಳಗ್ಗೆ, ಬುಧವಾರ, ಅಕ್ಕ ಕಾಲೇಜಿಗೆ ಹೊರಡುತ್ತಾ ಕೈ ಚಾಚಿದಳು.

"ನನ್ನ ರಿಜಿಸ್ಟರ್ ಚೀಟಿ ಕೊಡೇ, ನಂಬರ್ ಬರ್ಕೋತೀನಿ."

"ನಿಂದು ಅಪ್ಪ ಹಾಕಿದ್ದಲ್ವಾ?"

"ಅಪ್ಪ ಎಲ್ಲೇ ಹಾಕ್ತಾರೆ? ಹತ್ತು ದಿನದಿಂದ ಸೇಲಂನಲ್ಲಿದಾರೆ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅಡುಗೆಮನೆಯಿಂದ ಅಮ್ಮನ ದನಿ ಬಂತು, ತುಂಬ ಶಾಂತವಾಗಿ. "ಯಾಕೆ ಕೂಗಾಡ್ತೀರ? ನಾಳೆ ಹತ್ತೂವರೆ ಮೇಲೆ ಒಳ್ಳೆ ಟೈಮಿದೆ. ಹಾಕಿದ್ರಾಯ್ತು."

ಏನಾಗಿತ್ತೆಂದರೆ, ಅಮ್ಮನ ಬಳಿ ಎರಡು ಕಾಲಮಾನಗಳಿದ್ದವು. ಒಂದು ಮೈಸೂರಿನಿಂದ ತರಿಸುವ ಪಂಚಾಂಗ. ಇನ್ನೊಂದು ದಿನಸಿ ಅಂಗಡಿಯವನು ಕೊಟ್ಟ ತಮಿಳು ಕ್ಯಾಲೆಂಡರ್, ದಿನಕ್ಕೊಂದು ಹಾಳೆ ಹರಿಯುವುದು, ಅದರಲ್ಲಿ 'ನಲ್ಲ ನೇರಂ' ಎಂದು ಒಳ್ಳೆಯ ಹೊತ್ತನ್ನು ಬೇರೆಯೇ ಅಚ್ಚು ಮಾಡಿರುತ್ತಿದ್ದರು. ಊರು ಬಿಟ್ಟು ಬಂದವರು ಎರಡೂ ಕಡೆಯವರನ್ನು ಒಲಿಸಿಕೊಳ್ಳಬೇಕಲ್ಲ, ಅಮ್ಮ ಎರಡರಲ್ಲೂ ಒಳ್ಳೆಯದೆಂದು ಬಂದರೆ ಮಾತ್ರ ಒಪ್ಪುತ್ತಿದ್ದರು. ಪಂಚಾಂಗ ಸರಿ ಎಂದ ದಿನ ತಮಿಳು ಹಾಳೆ ಅಕ್ಕನ ರಾಶಿಗೆ ಚಂದ್ರಾಷ್ಟಮ, ಕೆಟ್ಟ ದಿನ, ಎನ್ನುತ್ತಿತ್ತು. ಹಾಳೆ ಒಪ್ಪಿದ ದಿನ ಪಂಚಾಂಗಕ್ಕೆ ತಿಥಿ ಹಿಡಿಸುತ್ತಿರಲಿಲ್ಲ. ಹೀಗೆ ಎರಡು ರಾಜ್ಯಗಳ ನಡುವೆ ಅಕ್ಕನ ಅರ್ಜಿ ಹತ್ತು ದಿನ ಕೂತಿತ್ತು.

ಅಕ್ಕ ಚಪ್ಪಲಿಯಲ್ಲೇ ದೇವರ ಗೂಡಿಗೆ ಕೈ ಹಾಕಿದಳು. ಅಮ್ಮ ಅದಕ್ಕೂ ಬೈದರು. ಕೈಗೆ ಬಂದದ್ದು ಎರಡು ಲಕೋಟೆ. ಎರಡಕ್ಕೂ ನಾಲ್ಕು ಮೂಲೆಗೆ ಅರಿಶಿನ, ನಡುವೆ ಕುಂಕುಮ.

"ಇದು ಯಾರದು?" ಅಕ್ಕ ಎರಡನೆಯದನ್ನು ತಿರುಗಿಸಿ ಹಿಂಬದಿಯ ವಿಳಾಸ ಓದಿದಳು. ಹೋಟೆಲಿನದು.

"ನಿಂದೇ ಎರಡ್ನೇ ಕಾಪಿ ಅಲ್ವೇನೇ?" ಅಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದರು. "ಶುಕ್ರವಾರ ಪಟ ಒರೆಸೋವಾಗ ಸಿಕ್ತು. ಎರಡರ ಹೆಸರಲ್ಲೂ ಅರ್ಚನೆ ಮಾಡ್ಸಿದೀನಿ. ಪಿಳ್ಳೆಯಾರ್ ಗುಡಿಯಲ್ಲಿ ಗಣಪನಿಗೆ ಎರಡು ತೆಂಗಿನಕಾಯಿ ಒಡೆಸಿದೀನಿ."

ಅಕ್ಕ ನನ್ನ ಕಡೆ ನೋಡಿದಳು. ನಾನು ಕ್ಯಾಲೆಂಡರ್ ಕಡೆ ನೋಡಿದೆ.

"ನಿನಗೋಸ್ಕರ ಕಣೇ..." ಎಂದು ಶುರು ಮಾಡಿದೆ.

"ನನಗೋಸ್ಕರ ಅಂತ ನಂದನ್ನಾದ್ರೂ ಹಾಕ್ಬೇಕಿತ್ತಲ್ಲೇ, ಕತ್ತೆ!"

ನಾನು ಕ್ಯಾಲೆಂಡರಿನ ಹಾಳೆಯ ಮೂಲೆ ಮಡಚತೊಡಗಿದೆ.

ಅಕ್ಕ ತನ್ನ ಲಕೋಟೆಯನ್ನು ಬ್ಯಾಗಿಗೆ ಹಾಕಿದಳು. ಇನ್ನೊಂದನ್ನು ಹಿಡಿದುಕೊಂಡು ನಿಂತಳು. ಆಗ ಅಮ್ಮ ದನಿ ತಗ್ಗಿಸಿ ಅಂದರು, "ಅದನ್ನ ಅಲ್ಲೇ ಇಡು. ನಾವಾಗಿ ಏನೂ ಮಾಡಿಲ್ಲ. ದೇವ್ರೇ ತಡೆದಿದಾನೆ ಅಂದ್ಕೋ."

"ದೇವ್ರು ತಡೆದಿಲ್ಲಮ್ಮ, ನಿನ್ನ ಚಿಕ್ಕ ಮಗಳು ತಡೆದಿದಾಳೆ."

"ಹೆಂಗೋ ಒಂದು. ನಿನಗಿದು ಕೊನೇ ಸಲ ತಾನೇ?"

ಕೆಳಗೆ ನೀರಿನ ಲಾರಿ ಬಂದು, ಬಿಂದಿಗೆಗಳ ಜಗಳ ಶುರುವಾಗಿ, ಮುಗಿಯಿತು. ಆಮೇಲೆ ಅಕ್ಕ ಆ ಲಕೋಟೆಯನ್ನೂ ಬ್ಯಾಗಿಗೆ ಹಾಕಿ ನನ್ನ ಕಿವಿ ಹಿಡಿದಳು. "ನಡಿ. ನೀನೇ ಹೇಳ್ಬೇಕು ಅವರಿಗೆ."

ಹೋಟೆಲಿನಲ್ಲಿ ಬೆಳಗಿನ ಇಡ್ಲಿಯ ಗದ್ದಲ. ಗಲ್ಲಾದ ಮುಂದೆ ಚಿಲ್ಲರೆಗೆ ನಿಂತ ನಾಲ್ಕು ಜನರ ಎದುರಿಗೇ ನಾನು ನಡೆದದ್ದನ್ನು ಹೇಳಿದೆ. ಆದಷ್ಟು ವೇಗವಾಗಿ ಹೇಳಿದೆ. ಕ್ಯಾಶಿಯರು ಕೇಳಿಸಿಕೊಂಡು, ಲಕೋಟೆ ತೆಗೆದುಕೊಂಡು, ಅರಿಶಿನದ ಮೂಲೆಗಳನ್ನು ಒಂದೊಂದಾಗಿ ನೋಡಿದರು.

"ಇದು ಯಾರು ಹಚ್ಚಿದ್ದು?"

"ಅಮ್ಮ. ನಿಮ್ಮದಂತ ಗೊತ್ತಿರ್ಲಿಲ್ಲ ಅವರಿಗೆ. ಕಾಯಿನೂ ಒಡೆಸಿದಾರೆ."

"ಹಾಗಾದ್ರೆ ನಮ್ಮಮ್ಮ ಊರಲ್ಲಿ ಹೇಳ್ಕೊಂಡ ಹರಕೆಗೆ ಇದೂ ಸೇರಿತು. ಎರಡು ಕಡೆಯ ಬಲ ಬಂತು ನಂಗೆ," ಎಂದವರು ನನ್ನ ಕಡೆ ತಿರುಗಿ, "ತಂಗಿ, ನಿಮಗೆ ಇವತ್ತು ಮಸಾಲೆ ದೋಸೆ ಇಲ್ಲ. ದೇವರ ಹಿಂದೆ ಇಟ್ಟಿದ್ದೇವೆ," ಅಂದರು.

ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅದು ಅವರಿಗೂ ಗೊತ್ತಿತ್ತು ಅನಿಸುತ್ತದೆ.

ಈಗ ಅರ್ಜಿ ಮುಟ್ಟಿಸುವ ಪ್ರಶ್ನೆ. ಕೊರಿಯರ್‌ನವರು ಆ ಊರಿಗೆ ಮೂರು ದಿನ ಅಂದರು. ಅಕ್ಕನ ಕಾಲೇಜಿಗೆ ಗುರುವಾರವೇ ತಪಾಸಣೆ, ಬೀರು ತೆರೆಯುವ ಏಕೈಕ ದಿನ, ಅವಳಿಗೆ ರಜೆ ಇಲ್ಲ. ಹೋಟೆಲಿನ ಧಣಿಗಳು ಊರಿಗೆ ಮದುವೆಗೆ ಹೋಗಿದ್ದರಿಂದ ಕ್ಯಾಶಿಯರು ಗಲ್ಲಾ ಬಿಟ್ಟು ಏಳುವ ಹಾಗಿಲ್ಲ. ನನ್ನನ್ನು ಕಳಿಸುವ ಮಾತನ್ನು ಯಾರೂ ಎತ್ತಲಿಲ್ಲ, ಯಾಕೋ.

"ನಮ್ಮ ಲಾರಿ ಉಂಟಲ್ಲ!" ಕ್ಯಾಶಿಯರು ಫೋನಿಗೆ ಕೈ ಹಾಕಿದರು. ಕರಾವಳಿಯಿಂದ ಹೋಟೆಲುಗಳಿಗೆ ಕುಚ್ಚಲಕ್ಕಿ, ತೆಂಗಿನಕಾಯಿ ತರುವ ಲಾರಿಗಳು ನಗರದಂಚಿನ ಮಾಧವರಂನಲ್ಲಿ ಸರಕು ಇಳಿಸುತ್ತಿದ್ದವು. ವಾಪಸು ಹೋಗುವಾಗ ಹೋಟೆಲಿನವರ ಕಾಗದ, ಮದುವೆಯ ಸೀರೆ, ಅಜ್ಜಿಯರ ಔಷಧಿ, ಎಲ್ಲ ಅದರಲ್ಲೇ ಹೋಗುವುದು. ಅವರಿಗೆ ಅದೇ ಅಂಚೆ. "ಮಧ್ಯಾಹ್ನ ಹೊರಡ್ತದೆ. ನಾಳೆ ಮಧ್ಯಾಹ್ನ ಆ ಊರಿನ ಮೇಲೆಯೇ ಹೋಗ್ತದೆ. ಮಾಧವರಂ ತನಕ ನೀವು ಮುಟ್ಟಿಸಿ ಮೇಡಂ, ಆಚೆದು ಅವ ನೋಡಿಕೊಳ್ತಾನೆ."

ಅಕ್ಕ ಅರ್ಧ ದಿನ ರಜೆ ಹಾಕಿದಳು. ಎರಡು ಬಸ್ಸು ಬದಲಿಸಿ, ಹಾಲಿನ ಡೇರಿ ದಾಟಿ, ಬಿಸಿಲಿನಲ್ಲಿ ಲಾರಿ ನಿಲ್ಲುವ ಅಂಗಳ ಹುಡುಕಿದೆವು. ದಾರಿಯುದ್ದಕ್ಕೂ ಅವಳು ಬ್ಯಾಗನ್ನು ನನ್ನ ಕೈಗೆ ಕೊಡಲಿಲ್ಲ.

ಡ್ರೈವರು ಲಾರಿಯ ನೆರಳಿನಲ್ಲಿ ಕೂತು ಮಜ್ಜಿಗೆ ಅನ್ನ ಊಟ ಮಾಡುತ್ತಿದ್ದ. ಕೈ ತೊಳೆದು ಬಂದು ಲಕೋಟೆಗಳನ್ನು ಭಕ್ತಿಯಿಂದ ತೆಗೆದುಕೊಂಡ, ಅರಿಶಿನ ಕುಂಕುಮ ಇದ್ದವಲ್ಲ. ಕ್ಯಾಬಿನ್ ಹತ್ತಿ, ಸ್ಟೇರಿಂಗಿನ ಮೇಲ್ಗಡೆ ಹೂವು ಹಾಕಿದ್ದ ಪಟವನ್ನು ಎತ್ತಿ, ಅದರ ಹಿಂದೆ ಇಡಲು ಹೋದ.

"ದೇವ್ರ ಹಿಂದೆ ಮಾತ್ರ ಬೇಡ!" ಎಂದು ನಾನು ಕಿರುಚಿದೆ.

ಅವನು ಬೆಚ್ಚಿ ಕೈ ಹಿಂದಕ್ಕೆ ತೆಗೆದ. "ಎಂತ ಮಾರಾಯ್ತಿ, ನೀವು ದೇವರನ್ನು ನಂಬುದಿಲ್ವಾ?"

ಅಕ್ಕ ಆಗ ನಕ್ಕಳು. ಬೆಳಗಿನಿಂದ ಮೊದಲ ಸಲ. ಲಾರಿಯ ಬಾಗಿಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅರ್ಜಿಗಳು ಕೊನೆಗೆ ಅವನ ಬಟ್ಟೆಯ ಚೀಲಕ್ಕೆ ಹೋದವು.

ಮಾರನೆಯ ದಿನ ನಾಲ್ಕು ಗಂಟೆಯಿಂದ ನಾನು ಹೋಟೆಲಿನ ಫೋನಿನ ಪಕ್ಕದಲ್ಲೇ ಕೂತಿದ್ದೆ. ತಪಾಸಣೆ ಮುಗಿಸಿ ಅಕ್ಕನೂ ನೇರ ಅಲ್ಲಿಗೇ ಬಂದಳು. ಐದು ಹೊಡೆಯಿತು. ಐದೂ ಕಾಲು. ಐದೂವರೆಗೆ ಫೋನ್ ಬಂತು. ಕ್ಯಾಶಿಯರು ಎಲ್ಲರಿಗೂ ಕೇಳುವಂತೆ ರಿಸೀವರ್ ಹಿಡಿದರು. ಡ್ರೈವರು ವಿಶ್ವವಿದ್ಯಾಲಯದ ಗೇಟಿನೆದುರಿನ ಬೂತಿನಿಂದ ಕಿರುಚುತ್ತಿದ್ದ. "ಮುಟ್ಟಿತು ಮಾರಾಯ್ರೆ! ಸೀಲು ಒತ್ತಿಸ್ಕೊಂಡಿದ್ದೇನೆ. ನಾಲ್ಕು ನಲವತ್ತಕ್ಕೆ. ಒಂದೇ ಹುದ್ದೆಗೆ ಎರಡು ಅರ್ಜಿ ಒಂದೇ ಲಾರಿಯಲ್ಲಿ ಯಾಕೆ ಬಂತು ಅಂತ ಗುಮಾಸ್ತ ಕೇಳಿದ. ಅರಿಶಿನ ನೋಡಿ ಗಂಡ ಹೆಂಡತಿಯಾ ಅಂತಲೂ ಕೇಳಿದ. ನಾನೆಂತ ಹೇಳ್ಲಿ? ಡ್ರೈವರ್ ಹುದ್ದೆ ಇದ್ರೆ ನಂದೂ ಒಂದು ಬರ್ಕೊಳ್ಳಿ ಅಂದೆ."

ಗಂಡ ಹೆಂಡತಿ ಎಂದದ್ದಕ್ಕೆ ನಾನು ನಗಲು ಬಾಯಿ ತೆರೆದೆ. ಅಕ್ಕ ನೋಡಿದ ನೋಟಕ್ಕೆ ಹಾಗೆಯೇ ಮುಚ್ಚಿಕೊಂಡೆ.

ಸಂದರ್ಶನಕ್ಕೆ ಇಬ್ಬರಿಗೂ ಕರೆ ಬಂತು. ಅಪ್ಪ ಟೂರಿಗೆ ರಜೆ ಹಾಕಿ ಅಕ್ಕನ ಜೊತೆ ಹೋದರು. ವಾಪಸು ಬಂದ ಅಕ್ಕ ಒಳಗೆ ನಡೆದದ್ದನ್ನು ಹೇಳಿದಳು. ಅವಳ ಉತ್ತರಗಳೆಲ್ಲ ಸರಿಯಾಗಿಯೇ ಇದ್ದವು. ಒಬ್ಬ ಓದುಗ ವರ್ಷವಾದರೂ ಪುಸ್ತಕ ಹಿಂದಿರುಗಿಸದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದಾರೆ. ಅಕ್ಕ ಓದಿದ್ದನ್ನು ಹೇಳಿದ್ದಾಳೆ, ಮೊದಲ ಜ್ಞಾಪನ, ಎರಡನೆಯ ಜ್ಞಾಪನ, ದಂಡ. ಅವಳ ಬೀರುವಿನಿಂದ ಒಂದು ಪುಸ್ತಕವೂ ಹೊರಗೆ ಹೋಗಿರಲಿಲ್ಲ, ಇನ್ನು ಹಿಂದಿರುಗದ ಪುಸ್ತಕದ ಅನುಭವ ಎಲ್ಲಿಂದ ಬರಬೇಕು? ಹೊರಗೆ ಕೂತಾಗ ಕ್ಯಾಶಿಯರನ್ನೂ ಕೇಳಿದಳಂತೆ, ನೀವೇನು ಹೇಳಿದಿರಿ ಎಂದು.

"ಅವರು ಹೇಳಿದ್ದು ಕೇಳು," ಅಕ್ಕ ಅವರ ದನಿಯಲ್ಲೇ ಹೇಳಿದಳು. "'ಊಟಕ್ಕೆ ಬರ್ತಾರಲ್ಲ ಸರ್. ಸಾರು ಬಡಿಸುವ ಮುಂಚೆ ಕೇಳ್ತೇನೆ, ಕತೆ ಎಲ್ಲಿ ತನಕ ಬಂತು ಅಂತ. ಓದ್ಲೇ ಇಲ್ಲ ಅಂದ್ರೆ ಅವರಿಗೇ ನಾಚಿಕೆಯಾಗಿ ತಂದು ಕೊಡ್ತಾರೆ. ಓದ್ತಾ ಇದ್ದೇನೆ ಅಂದ್ರೆ ಇನ್ನೊಂದು ವಾರ ಬಿಡ್ತೇನೆ.' ಕಮಿಟಿಯವರು ಐದು ನಿಮಿಷ ನಕ್ಕರಂತೆ."

ಫಲಿತಾಂಶ ಬಂತು. ಆಯ್ಕೆಯಾದವರು ಕ್ಯಾಶಿಯರು. ಕಾಯುವ ಪಟ್ಟಿಯಲ್ಲಿ ಮೊದಲನೆಯ ಹೆಸರು ಅಕ್ಕನದು.

ಕ್ಯಾಶಿಯರು ಸಿಹಿ ತಂದು ಬಾಗಿಲಲ್ಲಿ ನಿಂತಾಗ ಅಮ್ಮ, "ಚೆನ್ನಾಗಿರಪ್ಪಾ," ಎಂದು ಡಬ್ಬಿ ತೆಗೆದುಕೊಂಡರು. ಆ ಸಂಜೆ ಅಕ್ಕ ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಕಾಲುಚೀಲಗಳನ್ನು ಜೋಡಿ ಮಾಡುವ ನಾಟಕವಾಡುತ್ತಿದ್ದೆ.

"ಅವರ ಅರ್ಜಿ ಹೋಗ್ದೇ ಇದ್ದಿದ್ರೆ ನನಗೇ ಆಗ್ತಿತ್ತು ಅನ್ಸುತ್ತಾ ನಿನಗೆ?" ಎಂದು ಕೇಳಿದಳು.

"ಹೂಂ."

"ನನಗೂ ಅನ್ಸುತ್ತೆ," ಎಂದು ಅಪ್ಪನ ಅಂಗಿ ಮಡಿಸಿ ಮೇಲಿಟ್ಟಳು.

ದೀಪಾವಳಿ ಕಳೆಯಿತು. ಅಕ್ಕ ಕೊಟ್ಟ ಮಾತಿನಂತೆ ಪೆರುಂಗುಡಿಗೆ ಹೋಗತೊಡಗಿದಳು. ಸಂಜೆ ಬಂದು ಅಮೆರಿಕದ ಯಾರದೋ ಮೊಣಕಾಲಿನ ವಿಚಾರ ಹೇಳುತ್ತಿದ್ದಳು. ಲೈಬ್ರರಿ ಮಾತು ಎತ್ತಲಿಲ್ಲ. ನಾನೇ ಎತ್ತಿದರೆ ಮಾತು ತಪ್ಪಿಸುತ್ತಿದ್ದಳು.

ಎರಡೂವರೆ ತಿಂಗಳ ಮೇಲೆ ವಿಶ್ವವಿದ್ಯಾಲಯದಿಂದ ಒಂದು ಕಂದು ಲಕೋಟೆ ಬಂತು. ಗ್ರಂಥಾಲಯದ ಹಳೆಯ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕಾಗಿದೆ, ಕಾಯುವ ಪಟ್ಟಿಯಲ್ಲಿರುವವರನ್ನು ತಾತ್ಕಾಲಿಕವಾಗಿ ಹನ್ನೊಂದು ತಿಂಗಳ ಅವಧಿಗೆ ತೆಗೆದುಕೊಳ್ಳುತ್ತೇವೆ, ಇದಕ್ಕೆ ವಯೋಮಿತಿ ಇಲ್ಲ. ಸಂಬಳ ಪೆರುಂಗುಡಿಯ ಅರ್ಧಕ್ಕೂ ಕಡಿಮೆ. ವರದಿ ಮಾಡಿಕೊಳ್ಳಬೇಕಾದ್ದು ಸಹಾಯಕ ಗ್ರಂಥಪಾಲಕರಲ್ಲಿ, ಅಂದರೆ ಕ್ಯಾಶಿಯರಲ್ಲಿ!

ಅಕ್ಕ ಕಾಗದವನ್ನು ನನ್ನ ಮುಂದೆ ಹಿಡಿದಳು. ಎಷ್ಟೋ ತಿಂಗಳ ಮೇಲೆ ನನ್ನ ಪಾಂಡಿತ್ಯಕ್ಕೆ ಬೆಲೆ ಬಂದಿತ್ತು.

"ಹನ್ನೊಂದು ಯಾಕೇ? ಹನ್ನೆರಡು ಯಾಕಲ್ಲ?"

"ಪೂರ್ತಿ ವರ್ಷ ಆದ್ರೆ ಕೆಲ್ಸ ಕಾಯಂ ಮಾಡಿ ಅಂತ ಕೇಳ್ತೀವಲ್ಲ, ಅದಕ್ಕೆ. ಹನ್ನೊಂದಕ್ಕೆ ನಿಲ್ಸಿ ಮನೆಗೆ ಕಳಿಸ್ತಾರೆ. ಒಂದೆರಡು ದಿನ ಬಿಟ್ಟು ಮತ್ತೆ ಹೊಸದಾಗಿ ಕರೀತಾರೆ."

"ಕರೀದೇ ಇದ್ರೆ?"

"ಕರೀದೇನೂ ಇರಬಹುದು."

"ನಿನಗೆ ಬುದ್ಧಿ ಇದ್ರೆ ಹೋಗ್ಬೇಡ," ಅಂದರು ಅಮ್ಮ. "ನೀನೇ ದಾರಿ ಮಾಡಿಕೊಟ್ಟವನ ಕೈಕೆಳಗೆ ಹೋಗಿ ಕೂರ್ತೀಯಾ? ಅದೂ ಅರ್ಧ ಸಂಬಳಕ್ಕೆ?"

"ಅಲ್ಲಿ ಒಂದು ಲಕ್ಷ ಪುಸ್ತಕ ಇದೆಯಂತಮ್ಮ," ಅಂದಳು ಅಕ್ಕ. "ಯಾವುದಕ್ಕೂ ಬೀಗ ಇಲ್ವಂತೆ."

ಹೋದಳು. ಮೊದಲ ತಿಂಗಳ ಫೋನಿನಲ್ಲೇ ದೂರು ಬಂತು, ಅವರು ಕಾರ್ಡುಗಳನ್ನು ಇಟ್ಟ ಕ್ರಮ ತಪ್ಪು, ಇವಳು ತಿದ್ದಿದ್ದಾಳೆ, ಅವರು ಒಪ್ಪಿಲ್ಲ, ದಿನವಿಡೀ ಜಗಳ. ಇಷ್ಟು ಸಂತೋಷದ ದೂರನ್ನು ನಾನು ಅವಳ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ.

ಹನ್ನೊಂದು ತಿಂಗಳಿಗೊಮ್ಮೆ ಅಕ್ಕನ ಕೆಲಸ ಹೋಗುತ್ತದೆ. ಆಗ ಚೆನ್ನೈಗೆ ಬರುತ್ತಾಳೆ. ಇದುವರೆಗೆ ನಾಲ್ಕು ಸಲ ಹೋಗಿದೆ, ನಾಲ್ಕು ಸಲವೂ ವಾಪಸು ಸಿಕ್ಕಿದೆ. ಕಾಯಂ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ. ಕಳೆದ ಸಲ ಬಂದಾಗ ನಮ್ಮ ಪಕ್ಕದ ಮನೆಗೆ ಹೊಸದಾಗಿ ಬಂದ ಮಂಡ್ಯದವರು ಮೆಟ್ಟಿಲಲ್ಲಿ ಸಿಕ್ಕಿ ಕೇಳಿದರು, "ನೀವೇನ್ ಕೆಲ್ಸ ಮಾಡ್ತಿದೀರವ್ವಾ?"

"ಇವತ್ತು ನಾಳೆ ಏನೂ ಇಲ್ಲ," ಅಂದಳು ಅಕ್ಕ. "ಸೋಮವಾರದಿಂದ ವಿಶ್ವವಿದ್ಯಾಲಯದಲ್ಲಿ."

ಅವರು ಅದೆಂಥ ಕೆಲಸವೋ ಎಂದು ತಲೆ ಕೆರೆದುಕೊಂಡು ಇಳಿದು ಹೋದರು. ಅಕ್ಕ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿ, ಭಾನುವಾರ ರೈಲು ಹತ್ತಿದಳು.

ನಿಮ್ಮಲ್ಲೂ ಇಂಥ ಹನ್ನೊಂದು ತಿಂಗಳ ವರ್ಷಗಳಲ್ಲಿ ಬದುಕುವವರು ಇರುತ್ತೀರಿ. ನಿಮ್ಮ ಎದುರಾಳಿಯ ಅರ್ಜಿಯನ್ನು ನೀವೇ ಒಯ್ದು ಮುಟ್ಟಿಸಿದವರು ಇರಬಹುದು. ನನ್ನಂತೆ ಮುಟ್ಟಿಸದೇ ಉಳಿದವರೂ ಖಂಡಿತ ಇದ್ದೀರಿ, ಸುಮ್ಮನಿರಬೇಡಿ. ಏನಾಯಿತು, ಕೊನೆಗೆ ಕೆಲಸ ಯಾರಿಗೆ ಸಿಕ್ಕಿತು, ಈಗ ಒಬ್ಬರನ್ನೊಬ್ಬರು ಮಾತಾಡಿಸುತ್ತೀರಾ ಇಲ್ಲವಾ, ಬರೆದು ತಿಳಿಸಿ. ನನ್ನಂಥವಳು ನಾನೊಬ್ಬಳೇ ಅಲ್ಲ ಎಂದು ಅಕ್ಕನಿಗೆ ತೋರಿಸಬೇಕಾಗಿದೆ.